ಡಬ್ಬಾ ಹಾರರ್ ಸಿನಿಮಾದ ಅಣಕು ಝೋಂಬಿ ಗೇಮ್: ಜೋಕ್ ಯಾವುದು, ಬಗ್ ಯಾವುದು ಅಂತ ಆಡೋರಿಗೆ ಗೊತ್ತಾಗ್ತಿಲ್ಲ

ಜಲ್ಲೆ_ಗೇಮ್ಸ್, ಮಂಡ್ಯ

ಗೊಡಾಟ್ 4 ಗೇಮ್ ಎಂಜಿನ್, 2ಡಿ, ಮೇಲಿಂದ ನೋಡೋ ಕೋನ, ಮೂಲ ರೆಸಲ್ಯೂಶನ್ 640×360. ಕಥೆ ಇಷ್ಟೇ: ಕಾಸಿಲ್ಲದ ಒಂದು ಸಿನಿಮಾ ತಂಡ ಮಂಡ್ಯ ಕಡೆ ಕಬ್ಬಿನ ಗದ್ದೇಲಿ ಝೋಂಬಿ ಪಿಚ್ಚರ್ ಶೂಟ್ ಮಾಡ್ತಿದೆ. ಆಡೋರು ಆ ಪಿಚ್ಚರ್ ಹೀರೊ. ಝೋಂಬಿಗಳೆಲ್ಲ ದಿನಗೂಲಿ ಜೂನಿಯರ್ ಆರ್ಟಿಸ್ಟ್‌ಗಳು. ಒಬ್ಬನ ಕೈಲಿ ವಾಚು, ಒಬ್ಬನ ಮಾಸ್ಕ್ ಹಿಂದೆ ಜಿಪ್ಪು, ಫ್ರೇಮಿನೊಳಗೆ ಮೈಕು, ಬಾಯಿ ಅಲ್ಲಾಡಿದ ಮೇಲೆ ಬರೋ ಮಾತು. ಈ ಥರ ತಮಾಷೆ.

ತೊಂದರೆ ಏನಂದ್ರೆ, ಟೆಸ್ಟ್ ಮಾಡಿದೋರಲ್ಲಿ ಅರ್ಧಕ್ಕರ್ಧ ಜನ ಇವನ್ನೆಲ್ಲ ಬಗ್ ಅಂತ ಬರೆದು ಕಳಿಸ್ತಿದಾರೆ. ಹಳೇ ಸಿನಿಮಾ ಥರ ಕಾಣ್ಲಿ ಅಂತ ಇಡೀ ಗೇಮನ್ನ 12 ಎಫ್‌ಪಿಎಸ್‌ಗೆ (ಸೆಕೆಂಡಿಗೆ 12 ಫ್ರೇಮ್) ಕಟ್ಟಿ ಹಾಕಿದೀವಿ, ಆದ್ರೆ ಗುಂಡು ಹೊಡೆಯೋದು ಜಡವಾಗಿದೆ. ಮಾತಿನ ಸದ್ದು 120 ಮಿಲಿಸೆಕೆಂಡ್ ತಡ, ಅದಕ್ಕೆ "ನಿಮ್ಮ ಆಡಿಯೊ ಲ್ಯಾಗ್ ಸರಿ ಮಾಡಿ" ಅಂತಾರೆ. ಇನ್ನು ಕಬ್ಬಿನ ಗದ್ದೆ ಲೆವೆಲ್ಲು: 150 ಝೋಂಬಿ, ಒಂದೊಂದಕ್ಕೂ ದಾರಿ ಹುಡುಕೋ ನ್ಯಾವಿಗೇಶನ್ ಏಜೆಂಟ್, ಸುಮಾರು 4,000 ಜಲ್ಲೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ 4 ಜಿಬಿ ಲ್ಯಾಪ್‌ಟಾಪಲ್ಲಿ ಆ 12ರ ಕ್ಯಾಪ್ (ಮಿತಿ) ತೆಗೆದ್ರೂ 60 ಎಫ್‌ಪಿಎಸ್‌ನಲ್ಲಿ ಇದ್ದಿದ್ದು ದಬಕ್ಕಂತ 25ಕ್ಕೆ ಬೀಳುತ್ತೆ.

ಕೊನೇ ಲೆವೆಲ್ ಬಗ್ಗೇನೂ ಒಂದು ಮಾತು. ಮೈಸೂರಿನ ಹಳೇ ಸ್ಟುಡಿಯೊ ಒಂದು ಹತ್ತಿ ಉರಿಯೋ ಹಂಗೆ ಯೋಚನೆ ಇದೆ, ಅಲ್ಲಿ ಡೈರೆಕ್ಟರೇ ಬಾಸ್. ಏನನ್ಸುತ್ತೆ?

ರೀಲ್_ಡಬ್ಬಿ, ಮೈಸೂರು

ಮೊದಲು ಆ 12 ಎಫ್‌ಪಿಎಸ್ ಕ್ಯಾಪ್ ಕಿತ್ತು ಹಾಕಿ. 12ರಲ್ಲಿ ಒಂದು ಫ್ರೇಮ್ ಅಂದರೆ 83 ಮಿಲಿಸೆಕೆಂಡ್. ಬಟನ್ ಒತ್ತಿದ್ದು ಗೇಮಿಗೆ ತಿಳಿಯೋಕೇ ಅಷ್ಟು ಹೊತ್ತು ಬೇಕಾಗಬಹುದು, ಜಡ ಅನ್ನಿಸದೆ ಇನ್ನೇನು. ಗೇಮ್ 60ರಲ್ಲೇ ಓಡಲಿ, ಫಿಸಿಕ್ಸ್ ಟಿಕ್ ಕೂಡ 60. ಸ್ಪ್ರೈಟ್ ಅನಿಮೇಶನ್ ವೇಗ ಮಾತ್ರ 12 ಇಡಿ, ಗೀರು, ದೂಳು, ಗ್ರೇನ್ (ಫಿಲಂನ ಕಾಳುಕಾಳು) ಥರದ ಸಿನಿಮಾ ಕೊಳೆಯೆಲ್ಲ 24ರಲ್ಲಿ ಬದಲಾಗಲಿ. ಶೇಡರ್‌ನಲ್ಲಿ (ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಟೈಮನ್ನ 24ರಿಂದ ಗುಣಿಸಿ, ದಶಮಾಂಶ ಬಿಟ್ಟು ಫ್ಲೋರ್ ಮಾಡಿ, ಆ ಸಂಖ್ಯೆಯನ್ನೇ ರ‍್ಯಾಂಡಮ್‌ಗೆ ಬೀಜವಾಗಿ ಕೊಟ್ಟರೆ ಮುಗಿಯಿತು. ಕಣ್ಣಿಗೆ ಹಳೇ ಪ್ರಿಂಟು, ಕೈಗೆ ಹೊಸ ಗೇಮು.

ಕೊಳೆಯ ವಿಷಯದಲ್ಲಿ ಬಹಳಷ್ಟು ಗೇಮ್‌ಗಳು ತಪ್ಪುವುದು ಬಣ್ಣದಲ್ಲಿ. ಎಲ್ಲದಕ್ಕೂ ಕಂದು ಸೆಪಿಯಾ ಬಳಿದುಬಿಡುತ್ತಾರೆ. ಎಪ್ಪತ್ತರ ದಶಕದ ಕಲರ್ ಪ್ರಿಂಟ್ ಹಳತಾದರೆ ಕಂದು ಆಗುವುದಿಲ್ಲ, ಸಯಾನ್ ಡೈ ಮೊದಲು ಮಾಸಿ ಚಿತ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಸಿರು ಕಬ್ಬೆಲ್ಲ ಒಂಥರಾ ಕೊಳೆತ ಕೆಂಪಾಗಿ ಕಾಣಬೇಕು. ಗೀರಿನ ಕಥೆಯೂ ಹಾಗೇ. ಪ್ರಿಂಟಿನ ಎಮಲ್ಷನ್ (ಬಣ್ಣದ ಪದರಗಳಿರುವ) ಬದಿಗೆ ಗೀರು ಬಿದ್ದರೆ ಮೊದಲು ಹೋಗುವುದು ಮೇಲಿನ ಮೆಜೆಂಟಾ ಪದರ, ಹಾಗಾಗಿ ಗೀರು ಹಸಿರಾಗಿ ಕಾಣುತ್ತದೆ. ಇನ್ನೂ ಆಳಕ್ಕೆ ಹೋದರೆ ಹಳದಿ, ಪೂರ್ತಿ ಕೆರೆದುಹೋದರೆ ಬಿಳಿ. ಹಿಂಬದಿಯ ಗೀರು ಕಪ್ಪು. 640×360ರಲ್ಲಿ ಗೀರಿನ ಅಗಲ 1 ಪಿಕ್ಸೆಲ್ ಸಾಕು. ಪ್ರತಿ ಫ್ರೇಮಿಗೂ ಹೊಸ ಜಾಗಕ್ಕೆ ನೆಗೆಯಬಾರದು, 10ರಿಂದ 20 ಸಿನಿಮಾ ಫ್ರೇಮ್ ಹೊತ್ತು ಅಲ್ಲೇ ಅಲುಗುತ್ತಾ ನಿಲ್ಲಬೇಕು. ದೂಳು ಇದಕ್ಕೆ ಉಲ್ಟಾ: ಒಂದೇ ಫ್ರೇಮ್, ಕಂಡು ಮಾಯ. ಇಡೀ ಚಿತ್ರದ ತೂಗಾಟ 1 ಪಿಕ್ಸೆಲ್, ಹೆಚ್ಚೆಂದರೆ 2. ಅದಕ್ಕಿಂತ ಜಾಸ್ತಿಯಾದರೆ ಗುರಿ ಇಡೋರಿಗೆ ತಲೆ ಸುತ್ತುತ್ತದೆ.

ಇದನ್ನೆಲ್ಲ ಒಂದೇ ಶೇಡರ್‌ನಲ್ಲಿ ಬರೆಯಿರಿ. ಗೀರಿಗೊಂದು, ಗ್ರೇನ್‌ಗೊಂದು, ಬಣ್ಣಕ್ಕೊಂದು ಅಂತ ಮೂರು ಕಲರ್‌ರೆಕ್ಟ್ (ಪರದೆ ಮುಚ್ಚುವ ಚೌಕ) ಒಂದರ ಮೇಲೊಂದು ಇಟ್ಟರೆ ಕೊನೆಯದು ಮಾತ್ರ ಕಾಣುತ್ತದೆ. ಸ್ಕ್ರೀನ್ ಟೆಕ್ಸ್ಚರ್ (ಪರದೆಯ ಚಿತ್ರ) ಓದುವ ಮೊದಲ ನೋಡ್ (ಗೇಮಿನ ಒಂದು ಬಿಡಿಭಾಗ) ಬಂದಾಗ ಗೊಡಾಟ್ ಪರದೆಯ ನಕಲು ಒಂದು ಸಲ ತೆಗೆಯುತ್ತದೆ, ಮುಂದಿನವು ಅದೇ ಹಳೇ ನಕಲನ್ನು ಓದುತ್ತವೆ. ಮಧ್ಯೆ ಬ್ಯಾಕ್‌ಬಫರ್‌ಕಾಪಿ ನೋಡ್ ಹಾಕಿದರೂ ಸರಿಹೋಗುತ್ತದೆ, ಆದರೆ ನಿಮ್ಮ 4 ಜಿಬಿ ಲ್ಯಾಪ್‌ಟಾಪಿಗೆ ಆ ದುಂದುಗಾರಿಕೆ ಬೇಡ. ಜೀವ, ಗುಂಡಿನ ಲೆಕ್ಕ ಇವೆರಡೂ ಈ ಲೇಯರ್‌ಗಿಂತ ಮೇಲಿನ ಕ್ಯಾನ್ವಾಸ್ ಲೇಯರ್‌ನಲ್ಲಿರಲಿ, ಅದರ ಮೇಲೆ ಕೊಳೆ ಬೀಳಬಾರದು. ಬೆಳಕು ಮಿನುಗುವ ಎಫೆಕ್ಟ್ ಇದ್ದರೆ ಸೆಕೆಂಡಿಗೆ 3 ಮಿಂಚು ದಾಟಿಸಬೇಡಿ, ಫಿಟ್ಸ್ ಸಮಸ್ಯೆ ಇರೋರಿಗೆ ಅಪಾಯ. ಕೊಳೆಗೆ 0ಯಿಂದ 100ರವರೆಗೆ ಒಂದು ಸ್ಲೈಡರ್ ಆಪ್ಷನ್ಸ್‌ನಲ್ಲಿ ಕೊಡಿ.

ಇನ್ನೊಂದು ಐಡಿಯಾ, ಬೇಕಾದರೆ ತಗೊಳ್ಳಿ. 35 ಎಂಎಂ ಫಿಲಂ 1,000 ಅಡಿಗೆ 11 ನಿಮಿಷ ಓಡುತ್ತದೆ. ಒಂದು ಲೆವೆಲ್ ಅಂದರೆ ಒಂದು ರೀಲು. ರೀಲು ಮುಗಿಯುವ ಸುಮಾರು 8 ಸೆಕೆಂಡ್ ಮೊದಲು ಚಿತ್ರದ ಬಲ ಮೇಲ್ಮೂಲೆಯಲ್ಲಿ ಒಂದು ದುಂಡು ಚುಕ್ಕೆ 4 ಫ್ರೇಮ್ ಹೊತ್ತು ಕಾಣಿಸಿ ಹೋಗುತ್ತದೆ, ಪ್ರೊಜೆಕ್ಟರ್ ಆಪರೇಟರ್ ಎರಡನೇ ಮೆಷಿನ್ ಮೋಟರ್ ಶುರು ಮಾಡಲಿ ಅಂತ. ಇನ್ನೊಂದು ಚುಕ್ಕೆ ಮುಗಿಯುವ 1 ಸೆಕೆಂಡ್ ಮೊದಲು, ಆಗ ಮೆಷಿನ್ ಬದಲಾವಣೆ. ಇದನ್ನೇ ಬಾಸ್ ಬರುವ ಸೂಚನೆ ಮಾಡಿ. ಮೊದಲ ಚುಕ್ಕೆ ಕಂಡರೆ ಬಂದೂಕು ಲೋಡ್ ಮಾಡಿಕೊಳ್ಳೋಕೆ 8 ಸೆಕೆಂಡ್. ಎರಡನೇ ಲೆವೆಲ್ ಹೊತ್ತಿಗೆ ಯಾರೂ ಹೇಳಿಕೊಡದೆ ಎಲ್ಲರೂ ಆ ಮೂಲೆ ನೋಡೋಕೆ ಶುರು ಮಾಡ್ತಾರೆ, ಆಮೇಲೆ ಅದನ್ನ ಬಗ್ ಅಂತ ಯಾರೂ ಬರೆಯಲ್ಲ.

ಸೋಗೆ_ಶೇಡರ್, ಪಾಂಡವಪುರ

ನಾನು ಕಬ್ಬಿನ ಗದ್ದೆ ಲೆವೆಲ್ ಬಗ್ಗೆ ಮಾತ್ರ ಹೇಳ್ತೀನಿ.

150 ಏಜೆಂಟು, ಪ್ರತಿ ಫ್ರೇಮಿಗೂ ಹೊಸ ದಾರಿ ಅಂದ್ರೆ ಸೆಕೆಂಡಿಗೆ 9,000 ಸಲ ದಾರಿ ಹುಡುಕೋ ಕೆಲ್ಸ. ಎಲ್ರೂ ಹೋಗ್ತಿರೋದು ಒಬ್ಬನ ಕಡೆಗೇ, ಹೀರೊ ಕಡೆಗೆ! ದಾರಿನ ಝೋಂಬಿಯಿಂದ ಹುಡುಕ್ಬೇಡಿ, ಹೀರೊಯಿಂದ ಹುಡುಕಿ. ಲೆವೆಲ್ಲನ್ನ 32 ಪಿಕ್ಸೆಲ್ ಚೌಕಗಳಾಗಿ ಕುಯ್ಯಿರಿ. 120×68 ಚೌಕ ಅಂದ್ರೆ ಎಂಟು ಸಾವಿರ ಚಿಲ್ರೆ. ಹೀರೊ ನಿಂತಿರೋ ಚೌಕಕ್ಕೆ 0, ಪಕ್ಕದ್ದಕ್ಕೆ 1, ಅದರ ಪಕ್ಕದ್ದಕ್ಕೆ 2, ಹಿಂಗೆ ನೀರು ಹಾಯಿಸ್ದಂಗೆ ತುಂಬ್ಕೊಂಡು ಹೋಗಿ. ಝೋಂಬಿ ಮಾಡ್ಬೇಕಾಗಿರೋದು ಸುತ್ತಲ ಎಂಟು ಚೌಕದಲ್ಲಿ ಚಿಕ್ಕ ನಂಬರ್ ಇರೋ ಕಡೆ ಕಾಲಿಡೋದು, ಅಷ್ಟೇ. ಹೀರೊ ಚೌಕ ದಾಟ್ದಾಗ ಮಾತ್ರ ಮತ್ತೆ ತುಂಬಿ. ಗೊಡಾಟ್‌ನ ಭಾಷೆ ಜಿಡಿಸ್ಕ್ರಿಪ್ಟಲ್ಲಿ ಎಂಟು ಸಾವಿರ ಚೌಕ ಒಂದೇ ಏಟಿಗೆ ತುಂಬಿದ್ರೆ ಒಂದು ಎಗರು ಕಾಣುತ್ತೆ, ಅದನ್ನ 4 ಫ್ರೇಮಿಗೆ ಹಂಚಿ. ತುಂಬೋವರೆಗೂ ಹಳೇ ನಂಬರ್‌ಗಳನ್ನೇ ಓದಲಿ, ಝೋಂಬಿಗೆ ಹಳೇ ವಿಳಾಸ ಗೊತ್ತಿದ್ರೂ ಏನೂ ಲಾಸ್ ಇಲ್ಲ.

60ರಿಂದ ಸೀದಾ 25ಕ್ಕೆ ಬೀಳೋದ್ಯಾಕೆ? ಒಂದು ಫಿಸಿಕ್ಸ್ ಹೆಜ್ಜೆ 16.6 ಮಿಲಿಸೆಕೆಂಡ್ ದಾಟಿದ ತಕ್ಷಣ ಗೊಡಾಟ್ ಬಾಕಿ ಹೆಜ್ಜೆಗಳನ್ನ ಮುಂದಿನ ಫ್ರೇಮಲ್ಲಿ ಸೇರಿಸಿ ಓಡಿಸುತ್ತೆ, ಡಿಫಾಲ್ಟಲ್ಲಿ 8ರವರೆಗೆ. ಅದರಿಂದ ಆ ಫ್ರೇಮು ಇನ್ನೂ ತಡ, ಬಾಕಿ ಇನ್ನೂ ಜಾಸ್ತಿ. ಸಾಲ ತೀರಿಸೋಕೆ ಸಾಲ ಮಾಡ್ದಂಗೆ. ಆ ಮಿತಿನ 2ಕ್ಕೆ ಇಳಿಸಿದ್ರೆ ನಿಧಾನ ಆಗುತ್ತೆ ಹೊರತು ಕುಸಿಯಲ್ಲ. ಅದಕ್ಕಿಂತ ಮುಖ್ಯ, ಝೋಂಬಿಯ ಕೊಲಿಶನ್ ಮಾಸ್ಕಿಂದ (ಯಾವುದಕ್ಕೆಲ್ಲ ಡಿಕ್ಕಿ ಅನ್ನೋ ಪಟ್ಟಿ) ಝೋಂಬಿ ಲೇಯರನ್ನ ತೆಗೀರಿ. ಗೋಡೆಗೆ ಮಾತ್ರ ಡಿಕ್ಕಿ ಹೊಡೀಲಿ. ಒಬ್ರ ಮೇಲೊಬ್ರು ಬೀಳ್ದಂಗೆ 64 ಪಿಕ್ಸೆಲ್ ಗ್ರಿಡ್ಡಲ್ಲಿ ಯಾರು ಯಾವ ಚೌಕದಲ್ಲಿದಾರೆ ಅಂತ ಬರ್ಕೊಂಡು, ಹತ್ತಿರದ 6 ಜನರಿಂದ ಮಾತ್ರ ದೂರ ತಳ್ಳಿದ್ರೆ ಸಾಕು. ಏಜೆಂಟಲ್ಲಿ ಅವಾಯ್ಡೆನ್ಸ್ ಆನ್ ಇದ್ರೆ ಆಫ್ ಮಾಡಿ. ಪರದೆ ಹೊರಗಿನೋರು ಸೆಕೆಂಡಿಗೆ 6 ಸಲ ಯೋಚ್ನೆ ಮಾಡಿದ್ರೂ ಯಾರಿಗೂ ತಿಳಿಯಲ್ಲ.

ಆದ್ರೆ ಇಷ್ಟೆಲ್ಲ ಯಾಕ್ರೀ? ನಿಮ್ದು ಕಾಸಿಲ್ಲದ ಪಿಚ್ಚರ್. ಕಾಸಿಲ್ಲದೋರಿಗೆ 150 ಜೂನಿಯರ್ ಆರ್ಟಿಸ್ಟ್ ಎಲ್ಲಿಂದ ಬರ್ತಾರೆ?

ನಿಜವಾದ ಝೋಂಬಿ 24 ಇಡಿ. ಮಿಕ್ಕಿದ್ದೆಲ್ಲ ಪ್ಲೈವುಡ್ ಕಟೌಟು, ಹಿಂದುಗಡೆ ಬಿದಿರು ಗಳ ಕಟ್ಟಿರೋದು. ಅವೆಲ್ಲ ಒಂದೇ ಮಲ್ಟಿಮೆಶ್ (ಒಂದೇ ಚಿತ್ರದ ನೂರಾರು ನಕಲು ಒಟ್ಟಿಗೆ ಬಿಡಿಸೋ ನೋಡ್), ಸ್ವಂತ ಬುದ್ಧಿ ಇಲ್ಲ, ಫಿಸಿಕ್ಸ್ ಇಲ್ಲ, ಗಾಳಿಗೆ ಎರಡು ಡಿಗ್ರಿ ಆಡ್ತಾವೆ ಅಷ್ಟೇ. ಗುಂಡು ತಾಗಿದ್ರೆ ಆ ಇನ್‌ಸ್ಟೆನ್ಸನ್ನ ಅಳತೆ 0 ಮಾಡಿ ಅಡಗಿಸಿ, ಅದೇ ಜಾಗದಲ್ಲಿ ಒಂದು ಮಾಮೂಲಿ ಸ್ಪ್ರೈಟ್ ಇಟ್ಟು ದಪ್ಪಂತ ಅಂಗಾತ ಬೀಳಿಸಿ, ಬಿದಿರು ಗಳ ಕಾಣ್ಲಿ. ನೂರಾರು ಜನ ಇದಾರೆ ಅಂತ ಹೆದರಿದೋನಿಗೆ ಮೊದಲನೇ ಕಟೌಟ್ ಬಿದ್ದಾಗ ನಗು ಬಂದೇ ಬರುತ್ತೆ, ಪ್ರೊಸೆಸರ್‌ಗೂ ರೆಸ್ಟು.

ಸತ್ತ 24 ಜನಾನ ಡಿಲೀಟ್ ಮಾಡ್ಬೇಡಿ. ಬಹಳ ಗೇಮಲ್ಲಿ ಆಬ್ಜೆಕ್ಟ್ ಪೂಲಿಂಗ್ (ಸತ್ತೋರನ್ನೇ ಮತ್ತೆ ಬಳಸೋದು) ಮಾಡಿ ಅದನ್ನ ಮುಚ್ಚಿಡ್ತಾರೆ, ನೀವು ತೋರ್ಸಿ. ಸತ್ತೋನು 3 ಸೆಕೆಂಡ್ ಬಿದ್ದಿರ್ಲಿ, ಆಮೇಲೆ ಎದ್ದು ಮೈ ದೂಳು ಕೊಡವ್ಕೊಂಡು, ತಲೆ ತಗ್ಗಿಸ್ಕೊಂಡು ಫ್ರೇಮಿಂದ ಆಚೆ ಹೋಗ್ಲಿ. ಎದ್ದು ಹೋಗ್ತಿರೋವಾಗ ಗುಂಡು ತಾಗಬಾರ್ದು, ಕೈ ಎತ್ತಿ "ನಂದು ಮುಗೀತು ಸಾ" ಅನ್ಲಿ. ಇನ್ನೊಂದು ಮೂಲೆಯಿಂದ ಬೇರೆ ಅಂಗಿ, ಅಂಟಿಸಿದ ಮೀಸೆ ಹಾಕ್ಕೊಂಡು ವಾಪಸ್ ಬರ್ಲಿ. ಅಂಗಿ ಬಣ್ಣ ಶೇಡರ್‌ನ ಒಂದು ಪ್ಯಾರಾಮೀಟರ್. 24 ಜನಕ್ಕೆ 5 ಅಂಗಿ, 3 ಮೀಸೆ ಸಾಕು, ಜಾಸ್ತಿ ಮಾಡಿದ್ರೆ ಅದೇ ಆಸಾಮಿ ಅಂತ ಗುರುತೇ ಸಿಗಲ್ಲ, ಜೋಕ್ ಸಾಯುತ್ತೆ.

ಕಬ್ಬಿಗೆ ಬರೋಣ. 4,000 ಜಲ್ಲೆನ 4,000 ನೋಡ್ ಮಾಡಿದ್ರೆ ಅಂಥ ಲ್ಯಾಪ್‌ಟಾಪಿಗೆ ಭಾರ. ಸಾಲಿಗೊಂದು ಮಲ್ಟಿಮೆಶ್. ಇಡೀ ಗದ್ದೆಗೆ ಒಂದೇ ಮಾಡ್ಬೇಡಿ, ಯಾಕಂದ್ರೆ ಯಾವುದು ಮುಂದೆ ಯಾವುದು ಹಿಂದೆ ಅಂತ ಜೋಡಿಸೋ ವೈ-ಸಾರ್ಟ್ ನೋಡೋದು ನೋಡಿನ ಮೂಲಬಿಂದುನ, ಒಳಗಿನ ಜಲ್ಲೆನಲ್ಲ. ಒಂದೇ ಮಾಡಿದ್ರೆ ಹೀರೊ ಒಂದೋ ಪೂರ್ತಿ ಕಬ್ಬಿನ ಮುಂದೆ, ಇಲ್ಲ ಪೂರ್ತಿ ಹಿಂದೆ. ಸಾಲಿನ ಮೂಲಬಿಂದು ಬುಡದ ಗೆರೆ ಮೇಲಿರ್ಲಿ. ತೂಗಾಟ ವರ್ಟೆಕ್ಸ್ ಶೇಡರಲ್ಲಿ: ಬುಡ ಅಲ್ಲಾಡಬಾರ್ದು, ತುದಿ 3 ಪಿಕ್ಸೆಲ್ ಅಲ್ಲಾಡ್ಬೇಕು. ನಮ್ ಕಡೆ ಸಾಲಿಂದ ಸಾಲಿಗೆ 3 ಅಡಿ, ಅಗಲ ಸಾಲು ಅಂದ್ರೆ 4–5 ಅಡಿ. ಗೇಮಲ್ಲಿ ಅಗಲ ಸಾಲೇ ಇಡಿ, ಇಲ್ಲಾಂದ್ರೆ ಓಡೋಕೆ ಜಾಗ ಇರಲ್ಲ. ಬೆಳೆದ ಕಬ್ಬಲ್ಲಿ ಕೆಳಗಿನ ಎಲೆ ಒಣಗಿ ನೇತಾಡ್ತಿರುತ್ತೆ, ಮೇಲೆ ಮಾತ್ರ ಹಸಿರು ಸೋಗೆ. ಬುಡದಿಂದ ತುದಿವರೆಗೂ ಹಸಿರು ಬಳಿದ್ರೆ ಅದು ಜೋಳದ ಹೊಲ. ಝೋಂಬಿ ಒಳಗಿದ್ರೆ ಅವ್ನ ಜಾಗನ ಶೇಡರ್‌ಗೆ ಕಳ್ಸಿ, ಸುತ್ತಲ ತುದಿಗಳು ಗಾಳಿಗೆ ಎದುರು ದಿಕ್ಕಲ್ಲಿ ಅಲ್ಲಾಡಲಿ, ಜೊತೆಗೆ ಒಣ ತರಗಿನ ಸರಸರ ಸದ್ದು. ಅಷ್ಟು ಸಾಕು ಭಯಕ್ಕೆ, ಬೇರೆ ಮ್ಯೂಸಿಕ್ ಬೇಡ.

ಒಂಟಿಕೊಪ್ಪಲು_60

"ಜೋಕ್ ಯಾವುದು ಬಗ್ ಯಾವುದು" ಅನ್ನೋದಕ್ಕೆ ನನ್ನ ಲೆಕ್ಕ ಸರಳ. ತಪ್ಪು ಸಿನಿಮಾದ್ದಾಗಿರಬೇಕು, ಆಡೋರ ಬೆರಳಿನದ್ದಾಗಿರಬಾರದು. ಮತ್ತೆ ಮೊದಲ ಸಲ ಬಂದಾಗ ಗೇಮ್ ಒಳಗಿನವರೇ ಅದನ್ನ ನೋಡಿದೆವು ಅಂತ ತೋರಿಸಬೇಕು. ಮೈಕ್ ಫ್ರೇಮಿಗೆ ಇಳಿಯಿತಾ? ಒಂದು ಝೋಂಬಿ ತಲೆ ಎತ್ತಿ ಅದನ್ನ ನೋಡಲಿ. ಡೈರೆಕ್ಟರ್ ಧ್ವನಿ "ಇರ್ಲಿ, ಎಡಿಟಿಂಗ್‌ನಲ್ಲಿ ನೋಡ್ಕೊಳ್ಳೋಣ" ಅನ್ನಲಿ. ಎರಡನೇ ಸಲ ಯಾರೂ ಏನೂ ಹೇಳಬೇಕಿಲ್ಲ. ಮೂರನೇ ಸಲ ಅದು ಉಪಯೋಗಕ್ಕೆ ಬರಬೇಕು: ಮೈಕಿನ ನೆರಳು ನೆಲದ ಮೇಲೆ 0.4 ಸೆಕೆಂಡ್ ಮೊದಲು ಬೀಳಲಿ, ಆ ಜಾಗಕ್ಕೆ ಝೋಂಬಿಗಳನ್ನ ಎಳೆದು ತಂದರೆ ಮೈಕ್ ಅವರ ತಲೆ ಮೇಲೆ ಬೀಳಲಿ. ವಾಚು, ಜಿಪ್ಪು ಎರಡಕ್ಕೂ ಇದೇ ಸೂತ್ರ. ಜಿಪ್ ಕಾಣೋ ಝೋಂಬಿಗೆ ಬೆನ್ನ ಹಿಂದಿನಿಂದ ಹೊಡೆದರೆ ಒಂದೇ ಏಟು. ವಾಚು ಕಟ್ಟಿದವನು ಸರಿಯಾಗಿ 5 ಗಂಟೆಗೆ ಕೆಲಸ ಬಿಟ್ಟು ಮನೆಗೆ ಹೋಗ್ತಾನೆ.

ಕೈಗೆ ಸಂಬಂಧಪಟ್ಟಿದ್ದರಲ್ಲಿ ತಮಾಷೆ ಬೇಡವೇ ಬೇಡ. ಬಟನ್ ಬಫರ್ 8 ಫ್ರೇಮ್, ಅಂದರೆ ರೀಲೋಡ್ ಮುಗಿಯೋ ಮುಂಚೆ 130 ಮಿಲಿಸೆಕೆಂಡ್ ಒಳಗೆ ಒತ್ತಿದ ಏಟೂ ಲೆಕ್ಕಕ್ಕೆ ಬರಲಿ. ಮಾಮೂಲಿ ಏಟಿಗೆ 2 ಫ್ರೇಮ್, ದೊಡ್ಡ ಏಟಿಗೆ 4 ಫ್ರೇಮ್ ನಿಲುಗಡೆ. ಆದರೆ ಇಡೀ ಎಂಜಿನ್ನಿನ ಟೈಮ್ ಸ್ಕೇಲ್ ಸೊನ್ನೆ ಮಾಡಿ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಅದನ್ನ ವಾಪಸ್ ತರಬೇಕಾದ ಟೈಮರೂ ನಿಂತುಬಿಡುತ್ತೆ, ಗೇಮ್ ಹೆಪ್ಪುಗಟ್ಟುತ್ತೆ. ಟೈಮರ್‌ಗೆ ಟೈಮ್ ಸ್ಕೇಲ್ ಲೆಕ್ಕಿಸಬೇಡ ಅಂತ ಹೇಳೋ ಆಯ್ಕೆ ಇದೆ, ಅದನ್ನ ಬಳಸಿ. ಇಲ್ಲಾಂದ್ರೆ ಏಟು ತಿಂದವನು, ಹೊಡೆದವನು ಇಬ್ಬರನ್ನ ಮಾತ್ರ ನಿಲ್ಲಿಸಿ. ಕೈ ಎತ್ತಿ ಹಿಡಿಯೋಕೆ ಬರೋ ಝೋಂಬಿಗೆ ಕನಿಷ್ಠ 0.4 ಸೆಕೆಂಡ್ ತಯಾರಿ ಕಾಣಿಸಲಿ, ಒಟ್ಟಿಗೆ ಮೂವರಿಗಿಂತ ಹೆಚ್ಚು ಜನ ಹಲ್ಲೆಗೆ ಇಳಿಯದ ಹಾಗೆ ಟೋಕನ್ (ಹೊಡೆಯೋ ಸರದಿಯ ಚೀಟಿ) ಇಡಿ. ಉಳಿದವರು ಸುತ್ತ ನಿಂತು ತಮ್ಮ ಸರದಿ ಕಾಯೋದು ಹಳೇ ಫೈಟ್ ಸೀನಿನ ಜೋಕ್ ಕೂಡ ಹೌದು, ಒಬ್ಬ ನಿಂತಲ್ಲೇ ಆಕಳಿಸಲಿ. ರಬ್ಬರ್ ಕೈ ಎಷ್ಟೇ ಉದ್ದ ನೇತಾಡಲಿ, ಏಟು ಲೆಕ್ಕ ಹಾಕೋ ಚೌಕ ಮೈ ಅಳತೆಗಿಂತ ಸ್ವಲ್ಪ ಚಿಕ್ಕದೇ ಇರಲಿ.

ಜಂಪ್ ಕಟ್ ಜೋಕ್ ಇದ್ದರೆ ಹೀರೊ ಜಾಗ ಬದಲಾಯಿಸಬೇಡಿ, ಹಿನ್ನೆಲೆ ಬದಲಾಯಿಸಿ. ಫೈಟ್ ಮಧ್ಯೆ ಹಗಲು ಹೋಗಿ ರಾತ್ರಿ ಆಗಲಿ, ಯಾರೂ ನಿಂತ ಜಾಗದಿಂದ ಅಲುಗಬಾರದು. ಆ ರಾತ್ರಿಯೂ ಹಗಲಲ್ಲೇ ತೆಗೆದ ರಾತ್ರಿಯಾಗಿರಲಿ: ಎರಡು ಸ್ಟಾಪ್ ಕತ್ತಲು, ಅಂದರೆ ಬೆಳಕು ಕಾಲು ಭಾಗ, ಮೇಲೆ ನೀಲಿ. ನೆರಳು ಮಾತ್ರ ಮಟಮಟ ಮಧ್ಯಾಹ್ನದ್ದು, ಗಿಡ್ಡ, ಚೂಪು. ರಾತ್ರಿ ಬಂದಾಗ ಝೋಂಬಿಗಳ ನೋಟ ಅರ್ಧಕ್ಕೆ ಇಳಿದರೆ ಆ ಕಟ್‌ಗಾಗಿ ಆಡೋರು ಕಾಯ್ತಾರೆ.

ರಕ್ತದ ಬಣ್ಣ: 1968ರಲ್ಲಿ ಜಾರ್ಜ್ ರೊಮೆರೊ ತನ್ನ ಮೊದಲ ಝೋಂಬಿ ಚಿತ್ರಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ದು ಚಿತ್ರ ಕಪ್ಪು ಬಿಳುಪಾದ್ದರಿಂದ ನಡೆಯಿತು. ನಿಮ್ಮದು ಕಲರ್. ಪೇಂಟ್ ಥರ ಉಜ್ವಲ ಕೆಂಪು ಇರಲಿ, ಒಣಗೋದೇ ಬೇಡ. ಮಂಡ್ಯದ ತಂಡ ಅಂದಮೇಲೆ ಅದು ಬಣ್ಣ ಹಾಕಿದ ಬೆಲ್ಲದ ಪಾಕವೇ ಅಲ್ವಾ? 10 ಸೆಕೆಂಡ್ ಆದಮೇಲೆ ರಕ್ತದ ಮಡುವಿಗೆ ಇರುವೆ ಸಾಲು ಬರಲಿ. ಕಲೆಗಳನ್ನ ಒಂದೊಂದು ನೋಡ್ ಮಾಡದೆ, ಅಳಿಸದ ಸಬ್‌ವ್ಯೂಪೋರ್ಟ್ (ಗೇಮಿನೊಳಗಿನ ಬೇರೊಂದು ಪರದೆ) ಒಂದಕ್ಕೆ ಮುದ್ರೆ ಒತ್ತಿದ ಹಾಗೆ ಒತ್ತುತ್ತಾ ಹೋಗಿ. 4096×4096 ಇಟ್ಟರೆ 64 ಎಂಬಿ ತಿನ್ನುತ್ತೆ, 2048×2048 ಇಟ್ಟು ಹಿಗ್ಗಿಸಿ, 16ರಲ್ಲಿ ಮುಗಿಯುತ್ತೆ.

ಮೈಕ್_ಚೆಕ್_ಒನ್_ಟು

120 ಮಿಲಿಸೆಕೆಂಡ್ ತಡ ಅನ್ನೋದು ಅತ್ತ ಸಿಂಕೂ ಅಲ್ಲ, ಇತ್ತ ಜೋಕೂ ಅಲ್ಲ. ಟಿವಿ ಪ್ರಸಾರಕ್ಕೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಕೊಟ್ಟಿರೋ ಲೆಕ್ಕದಲ್ಲಿ, ಸದ್ದು ಚಿತ್ರಕ್ಕಿಂತ 125 ಮಿಲಿಸೆಕೆಂಡ್ ಹಿಂದೆ ಬಿದ್ದಾಗ ನೋಡೋರಿಗೆ ಗೊತ್ತಾಗೋಕೆ ಶುರುವಾಗುತ್ತೆ, 185 ದಾಟಿದ್ರೆ ಒಪ್ಪೋಕಾಗಲ್ಲ. ನೀವು ಸರಿಯಾಗಿ ಅನುಮಾನದ ಗೆರೆ ಮೇಲೆ ಕೂತಿದೀರ, ಬ್ಲೂಟೂತ್ ಹೆಡ್‌ಫೋನ್ ದೋಷದ ಥರ ಕೇಳಿಸುತ್ತೆ. 350ರಿಂದ 400ಕ್ಕೆ ಏರಿಸಿ. ಅದೂ ಸಾಲದು: ಮಾತು ಮುಗಿದ ಮೇಲೂ ಬಾಯಿ ಇನ್ನೂ ಎರಡು ಸಲ ಆಡಲಿ, ಅಥವಾ ಬಾಯಿ ಮುಚ್ಚಿದ ಮೇಲೆ ಉದ್ದದ ಡೈಲಾಗ್ ಬರಲಿ. ತಡ ಮಾತಿಗೆ ಮಾತ್ರ. ಗುಂಡು, ಏಟು, ಹೆಜ್ಜೆ ಇವುಗಳಿಗೆ ಸೊನ್ನೆ ತಡ.

ಆಡಿಯೊ ಬಸ್ (ಸದ್ದು ಹಾಯೋ ದಾರಿ) ಎರಡು ಮಾಡ್ಕೊಳ್ಳಿ. "ಸಿನಿಮಾ" ಬಸ್‌ನಲ್ಲಿ ಮಾತು, ಹಿನ್ನೆಲೆ ಸಂಗೀತ: 150 ಹರ್ಟ್ಸ್ ಕೆಳಗಿಂದು ಕತ್ತರಿಸಿ, 5,000 ಹರ್ಟ್ಸ್ ಮೇಲಿಂದು ಕತ್ತರಿಸಿ, ಚೂರು ಡಿಸ್ಟಾರ್ಶನ್, ಅಡಿಗೆ ಸಣ್ಣಗೆ ಚರಚರ ಸದ್ದು. "ಆಟ" ಬಸ್‌ನಲ್ಲಿ ಬಂದೂಕು, ಝೋಂಬಿ ನರಳಾಟ, ಕಬ್ಬಿನ ಸರಸರ, ಇವು ಶುದ್ಧವಾಗಿ, ಎಡ ಬಲ ಗೊತ್ತಾಗೋ ಹಾಗೆ. ಎಲ್ಲವನ್ನೂ ಮೋನೊ ಮಾಡಿದ್ರೆ ಝೋಂಬಿ ಯಾವ ಕಡೆಯಿಂದ ಬರ್ತಿದೆ ಅಂತ ತಿಳಿಯದೆ ಸಾಯ್ತಾರೆ, ಆಮೇಲೆ ನಗಲ್ಲ, ಬೈತಾರೆ. ನರಳಾಟಕ್ಕೆ 8 ಸ್ಯಾಂಪಲ್, ಪಿಚ್ 8% ಆಚೀಚೆ, ಒಟ್ಟಿಗೆ 6ಕ್ಕಿಂತ ಜಾಸ್ತಿ ಕೇಳಿಸಬಾರದು. ಚಿಕ್ಕ ಸದ್ದು ವೇವ್, ಉದ್ದದ್ದು ಓಗ್.

ಡಬ್ಬಿಂಗ್ ಜೋಕ್ ಬಗ್ಗೆ ಒಂದು ಮಾತು. ಬೇರೆ ಭಾಷೆಯೋರಿಗೆ ಕೆಟ್ಟ ಡಬ್ಬಿಂಗ್ ಅಂದ್ರೆ ಹಳೇ ಕುಂಗ್‌ಫು ಸಿನಿಮಾ ನೆನಪಾಗುತ್ತೆ. ಕನ್ನಡದಲ್ಲಿ ದಶಕಗಟ್ಟಲೆ ಡಬ್ಬಿಂಗ್ ಸಿನಿಮಾನೇ ಬರ್ತಿರಲಿಲ್ಲ. ನಮ್ಮ ಕಿವಿಗೆ ಗೊತ್ತಿರೋ ಕೆಟ್ಟ ಡಬ್ಬಿಂಗ್ ಟಿವಿ ಜಾಹೀರಾತಿನದು: "ಓಹ್! ಇದು ಎಂತಹ ಅದ್ಭುತ ಹೊಳಪು!" ಅನ್ನೋ ಯಾರೂ ಮಾತಾಡದ ಕನ್ನಡ. ಹೀರೊಗೆ ಆ ಭಾಷೆ ಕೊಡಿ. "ನಿಲ್ಲು! ನಿನ್ನ ಅಂತ್ಯ ಸಮೀಪಿಸಿದೆ!" ಅಂತ ಅವನು ಅಂದ್ರೆ, ಝೋಂಬಿ ಪಕ್ಕಾ ಮಂಡ್ಯದಲ್ಲಿ "ಯಾಕ್ಲಾ, ಏನಾಯ್ತ್ಲಾ" ಅನ್ನಲಿ. ಹೀರೊ, ಹೀರೋಯಿನ್ ತಂದೆ, ಅಜ್ಜಿ ಮೂವರಿಗೂ ಒಬ್ಬರೇ ಧ್ವನಿ ಕೊಡಿ, ಪಿಚ್ 0.85, 1, 1.2. ರೆಕಾರ್ಡ್ ಮಾಡೋವಾಗ ಮಾತ್ರ ಕೆಟ್ಟದಾಗಿ ಮಾಡಬೇಡಿ. ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು ಅದರ ಮುಂದೆ, ಮೈಕಿಂದ ಒಂದು ಗೇಣು ದೂರ, 48 ಕಿಲೋಹರ್ಟ್ಸ್. ಶುದ್ಧ ಸದ್ದನ್ನ ಆಮೇಲೆ ಕೆಡಿಸಬಹುದು, ಫ್ಯಾನ್ ಸದ್ದು ಸೇರಿದ್ದನ್ನ ಸರಿ ಮಾಡೋಕಾಗಲ್ಲ.

ಜಲ್ಲೆ_ಗೇಮ್ಸ್, ಮಂಡ್ಯ

ಕಟೌಟ್ ಐಡಿಯಾ ನೋಡಿ ತಲೆ ಮೇಲೆ ಕೈ ಇಟ್ಕೊಂಡ್ವಿ, ಇಷ್ಟು ಸುಲಭ ಇತ್ತಾ ಅಂತ. ಪೂಲಿಂಗೂ ಹಂಗೇ ಮಾಡ್ತೀವಿ. ಇನ್ನೊಂದು ಕೇಳೋದು ಮರೆತೆ: ಡೈಲಾಗು ಒಂದೊಂದೇ ಅಕ್ಷರ ಟೈಪ್ ಆಗ್ತಾ ಬರುತ್ತೆ. "ರಕ್ತ" ಅಂತ ಬರೋವಾಗ ಮೊದಲು "ರಕ", ಆಮೇಲೆ "ರಕ್", ಆಮೇಲೆ "ರಕ್ತ" ಅಂತ ಕುಣಿಯುತ್ತೆ. ಕಿರುಚೋ ಡೈಲಾಗಿಗೆ ಶೇಕ್ ಹಾಕಿದ್ರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಪಿಕ್ಸೆಲ್ ರೆಸಲ್ಯೂಶನ್ನಲ್ಲಿ ಓದೋಕೂ ಆಗ್ತಿಲ್ಲ.

ಒತ್ತು_ಕೊಂಬು

ಲೇಬಲ್‌ನಲ್ಲಿ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅಂತ ಒಂದು ಪ್ರಾಪರ್ಟಿ ಇದೆ. ಅದರ ಡಿಫಾಲ್ಟ್, ಶೇಪಿಂಗ್‌ಗೆ (ಒತ್ತಕ್ಷರ ಜೋಡಿಸೋ ಕೆಲಸ) ಮೊದಲು ಕತ್ತರಿಸುತ್ತೆ, ಅದಕ್ಕೇ ಅರ್ಧಕ್ಷರ ಕುಣಿಯೋದು. ಅದನ್ನ "ಶೇಪಿಂಗ್ ಆದ ಮೇಲೆ" ಅನ್ನೋದಕ್ಕೆ ಬದಲಾಯಿಸಿ, "ಕ್ತ" ಒಂದೇ ಸಲ ಇಡಿಯಾಗಿ ಬರುತ್ತೆ. ಸಾಲು ಮುರಿಯೋ ಜಾಗವೂ ಮೊದಲೇ ನಿರ್ಧಾರ ಆಗಿರುತ್ತೆ, ಪದ ಕೆಳಗಿನ ಸಾಲಿಗೆ ಎಗರಲ್ಲ. ಟೈಪ್ ಸದ್ದನ್ನ ಯೂನಿಕೋಡ್ ಎಣಿಕೆಗೆ ಕಟ್ಟಬೇಡಿ, "ಸ್ತ್ರೀ" ಒಂದೇ ಅಕ್ಷರಕ್ಕೆ ಆರು ಸಲ ಟಿಕ್ ಅನ್ನುತ್ತೆ.

ಶೇಕ್, ವೇವ್ ಎರಡಕ್ಕೂ ಕನೆಕ್ಟೆಡ್ ಅನ್ನೋ ಆಯ್ಕೆ ಇದೆ, ಅದು 1 ಇರಬೇಕು. ಡಿಫಾಲ್ಟೇ 1, ಯಾರೋ 0 ಮಾಡಿರ್ತಾರೆ, ಇಲ್ಲಾ ಸ್ವಂತ ಎಫೆಕ್ಟ್ ಬರೆದಿರ್ತೀರ. ಸ್ವಂತ ಎಫೆಕ್ಟ್ ಆದರೆ ಗ್ಲಿಫ್ ಗ್ಲಿಫ್‌ಗೂ (ಫಾಂಟಿನ ಬಿಡಿ ಆಕಾರ) ಬೇರೆ ರ‍್ಯಾಂಡಮ್ ಕೊಡದೆ, ಒಂದು ಅಕ್ಷರದ ಗ್ಲಿಫ್‌ಗಳಿಗೆಲ್ಲ ಒಂದೇ ಕೊಡಿ.

ಓದೋಕಾಗದೆ ಇರೋದು ಸ್ಟ್ರೆಚ್ ಮೋಡ್ ವ್ಯೂಪೋರ್ಟ್ ಆಗಿರೋದರಿಂದ. 640×360ರಲ್ಲಿ ಮೂರು ಅಂತಸ್ತಿನ ಕನ್ನಡ ಅಕ್ಷರ ಮೂಡಿಸೋಕೆ ಪಿಕ್ಸೆಲ್ಲೇ ಸಾಲಲ್ಲ. ಗೇಮನ್ನ ಒಂದು 640×360 ಸಬ್‌ವ್ಯೂಪೋರ್ಟ್ ಒಳಗೆ ಹಾಕಿ, ಅಕ್ಷರಗಳನ್ನ ಹೊರಗೆ ಪರದೆಯ ಪೂರ್ತಿ ರೆಸಲ್ಯೂಶನ್ನಲ್ಲಿ ಬರೆಯಿರಿ. ನೋಟೊ ಸ್ಯಾನ್ಸ್ ಕನ್ನಡ ಓದೋಕೆ ಚೆನ್ನ, ಟೈಟಲ್ಲಿಗೆ ಬಲೂ ತಮ್ಮ 2 ದಪ್ಪಗೆ ಪೋಸ್ಟರ್ ಥರ ಕೂರುತ್ತೆ. ಎರಡೂ ಮುಕ್ತ ಲೈಸೆನ್ಸ್, ಲೈಸೆನ್ಸ್ ಫೈಲ್ ಜೊತೆಗಿಡಿ. ಡೌನ್‌ಲೋಡ್ ಸೈಜ್ ಇಳಿಸೋಕೆ ಅಂತ ಸ್ವಂತ ಎಕ್ಸ್‌ಪೋರ್ಟ್ ಟೆಂಪ್ಲೇಟ್ ಕಟ್ಟೋರು ಶೇಪಿಂಗ್ ಮಾಡೋ ಅಡ್ವಾನ್ಸ್ಡ್ ಟೆಕ್ಸ್ಟ್ ಸರ್ವರ್ ತೆಗೆದುಬಿಡ್ತಾರೆ. ಎಡಿಟರಲ್ಲಿ ಸರಿ ಇದ್ದ ಒತ್ತಕ್ಷರ ಬಿಲ್ಡಲ್ಲಿ ಒಡೆದರೆ ಮೊದಲು ಅಲ್ಲಿ ನೋಡಿ.

ಹಳೇ_ಟಾಕೀಸ್, ಮೈಸೂರು

ಕೊನೇ ಲೆವೆಲ್ ಬಗ್ಗೆ ಯಾರೂ ಹೇಳಲಿಲ್ಲ. ಮೈಸೂರಲ್ಲಿ ಸ್ಟುಡಿಯೊಗೆ ಬೆಂಕಿ ಬೇಡ. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೊದಲ್ಲಿ ಟಿವಿ ಧಾರಾವಾಹಿಯ ಶೂಟಿಂಗ್ ನಡೆಯುತ್ತಿದ್ದಾಗ ಬೆಂಕಿ ಬಿದ್ದು 62 ಜನ ತೀರಿಕೊಂಡರು. ಹೆಸರು ಬದಲಾಯಿಸಿದರೂ ಇಲ್ಲಿಯವರಿಗೆ ಅದೇ ನೆನಪಾಗುತ್ತದೆ. ಸೆಟ್‌ನಲ್ಲಿ ಸುರಕ್ಷತೆಗೆ ಕಾಸು ಉಳಿಸೋದು ನಿಮ್ಮ ಗೇಮಿನ ಮುಖ್ಯ ತಮಾಷೆ. ಅದರ ಪಕ್ಕದಲ್ಲಿ ಈ ಬೆಂಕಿ ಇಟ್ಟರೆ ನಗು ಹುಟ್ಟೋದಿಲ್ಲ.

ಮಂಡ್ಯದಲ್ಲೇ ಇದ್ದೀರಿ, ಆಲೆಮನೆ ಬಿಟ್ಟು ಎಲ್ಲಿಗೆ ಹೋಗ್ತೀರಿ? ಗಾಣ, ಒಲೆ, ಕೊಪ್ಪರಿಗೆ, ಅಚ್ಚು ಅಂತ ನಾಲ್ಕು ಜಾಗ ತಾನಾಗೇ ಸಿಗುತ್ತದೆ. ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಾ ಇರಬೇಕು, ಬಿಟ್ಟರೆ ಶಾಖ ಇಳಿಯುತ್ತದೆ. ಕಬ್ಬಿನ ಹಾಲು ಕುದಿಯೋಕೆ ಶುರುವಾದಾಗ ಮೇಲೆ ಬರೋ ಕೊಳೆ ನೊರೆ ತೆಗೆಯಬೇಕು, ತೆಗೆಯದಿದ್ದರೆ ಉಕ್ಕಿ ಕೊಪ್ಪರಿಗೆ ಸುತ್ತ ಯಾರಿಗೂ ಕಾಲಿಡೋಕಾಗದ ಹಾಗೆ ಮಾಡಿ. ಪಾಕ 115 ಡಿಗ್ರಿ ದಾಟಿದ ಮೇಲೆ ಹದಕ್ಕೆ ಬರುತ್ತದೆ. ಆಲೆಮನೆಯಲ್ಲಿ ಥರ್ಮಾಮೀಟರ್ ಇಡೋರು ಕಡಿಮೆ, ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾ ಅಂತ ನೋಡ್ತಾರೆ. ಅದೇ ನಿಮ್ಮ ಬಟನ್. ಹದಕ್ಕೆ ಮೊದಲೇ ಎರಚಿದರೆ ಝೋಂಬಿ ಅಂಟಿಕೊಂಡು ನಿಧಾನ ಆಗ್ತಾನೆ, ಹದ ಬಂದಾಗ ಎರಚಿದರೆ ನಿಂತಲ್ಲೇ ಗಟ್ಟಿಯಾಗಿ ಅಚ್ಚು ಬೆಲ್ಲ ಆಗ್ತಾನೆ, ಹದ ಮೀರಿದರೆ ಪಾಕ ಸೀದು ಕಪ್ಪಾಗಿ ಯಾವುದಕ್ಕೂ ಬಾರದು. ಡೈರೆಕ್ಟರ್ ಬಾಸ್ ಪ್ರತಿ 20 ಸೆಕೆಂಡಿಗೆ "ಕಟ್! ಒನ್ ಮೋರ್!" ಅಂದಾಗ ಅಚ್ಚಾದವರೆಲ್ಲ ಬಿಡಿಸಿಕೊಂಡು ಎದ್ದು ಬರಲಿ. ಆ ಕೂಗನ್ನ ತಡೆಯೋಕೆ ಇರೋ ದಾರಿ ಒಂದೇ, ಅವನ ಕೈಲಿರೋ ಮೆಗಾಫೋನ್ ಬಾಯಿಗೆ ಬೆಲ್ಲ ತುಂಬೋದು.

ಸೋಗೆ_ಶೇಡರ್, ಪಾಂಡವಪುರ

ಮೇಲಿನ ರಕ್ತದ ಸಬ್‌ವ್ಯೂಪೋರ್ಟಿಗೆ ಒಂದು ತಿದ್ದುಪಡಿ. ಮುದ್ರೆ ಸ್ಪ್ರೈಟನ್ನ ಒಂದು ಫ್ರೇಮ್ ಆದ್ಮೇಲೆ ತೆಗೀಲೇಬೇಕು. ತೆಗೀದೆ ಬಿಟ್ರೆ ಅರೆಪಾರದರ್ಶಕ ಕಲೆ ಪ್ರತಿ ಫ್ರೇಮೂ ತನ್ನ ಮೇಲೆ ತಾನೇ ಬಿದ್ದು ಅರ್ಧ ಸೆಕೆಂಡಲ್ಲಿ ಗಟ್ಟಿ ಕೆಂಪಾಗುತ್ತೆ, ಅಂಚಿನ ಮಸುಕೆಲ್ಲ ಹೋಗಿ ಬಿಂದಿ ಥರ ಕಾಣುತ್ತೆ. ಸೇರಿಸಿದ ಫ್ರೇಮಲ್ಲೇ ತೆಗೆದ್ರೆ ಮುದ್ರೆನೇ ಬೀಳಲ್ಲ, ಅದಕ್ಕೆ ರೆಂಡರಿಂಗ್ ಸರ್ವರ್‌ನ ಫ್ರೇಮ್ ಪೋಸ್ಟ್ ಡ್ರಾ ಸಿಗ್ನಲ್‌ಗೆ ಕಾದು ಆಮೇಲೆ ತೆಗೀರಿ. ಆಲೆಮನೆ ಲೆವೆಲ್ಲಿನ ಪಾಕದ ಕಲೆಗೂ ಇದೇ ಸಬ್‌ವ್ಯೂಪೋರ್ಟ್ ನಡಿಯುತ್ತೆ, ಇನ್ನೊಂದು ಬೇಡ.